ಮಂಗಳೂರಿನ ಎರಡು ಬೊಂಡ

ಆರು ಗಂಟೆಗೆ ಎದ್ದು ಅಳತೆಯ ಜಗ್ಗಿನಲ್ಲಿ ಆರುನೂರು ಎಂ.ಎಲ್. ನೀರು ಹಿಡಿದೆ. ಬಾಟಲಿಗೆ ತುಂಬಿಸಿ ಮುಚ್ಚಳ ತಿರುಗಿಸಿದೆ. ಆಮೇಲೆ ನೆನಪಾಯಿತು.

ಹಿಂದಿನ ದಿನ ಗಂಡನ ಊರು ಕೋರದಲ್ಲಿ ಅವನ ಹನ್ನೊಂದನೆಯ ದಿನದ ತಿಥಿ ಮುಗಿದಿತ್ತು. ಸಂಜೆಯೇ ಬಟವಾಡಿಯ ಬಾಡಿಗೆ ಮನೆಗೆ ಬಂದುಬಿಟ್ಟಿದ್ದೆ. ಇನ್ನೂ ನಾಲ್ಕು ದಿನ ಇರು ಅಂದಿದ್ದರು ಅತ್ತೆ. ಕೆಲಸ ಇದೆ ಅಂದೆ. ಕೆಲಸವೇನೂ ಇರಲಿಲ್ಲ.

ಮೋಹನ್‌ಗೆ ಎರಡೂವರೆ ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್, ಸೋಮವಾರ ಮತ್ತು ಗುರುವಾರ. ಕಿಡ್ನಿ ಕೆಲಸ ಮಾಡದವರಿಗೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ, ಅದಕ್ಕೇ ದಿನದ ನೀರು ಅಳೆದು ಕೊಡುತ್ತಿದ್ದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದು ಹೃದಯಕ್ಕೆ ಆಗದು. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವಳು, ಇದನ್ನು ನನಗೆ ಎರಡನೇ ಸಲ ಯಾರೂ ಹೇಳಬೇಕಾಗಲಿಲ್ಲ. ತೆಂಗಿನ ತೋಟದಲ್ಲಿ ಬೆಳೆದವನಿಗೆ ಎಳನೀರು ನಿಲ್ಲಿಸಿದೆ. ಅವನೆದುರು ನಾನೂ ನೀರು ಕುಡಿಯುವುದನ್ನು ಬಿಟ್ಟೆ. ಬಚ್ಚಲಿಗೆ ಹೋಗಿ ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದೆ.

ಅವನು ಹೋದದ್ದು ಜೂನ್ ತಿಂಗಳ ಒಂದು ಬುಧವಾರ ಬೆಳಗಿನ ಜಾವ. ಹಾರ್ಟು ಅಂದರು. ಹಿಂದಿನ ಸಂಜೆ ಕಿಟಕಿಯಿಂದ ಎದುರಿನ ಎಳನೀರು ಗಾಡಿ ನೋಡುತ್ತಾ, "ಒಂದೇ ಒಂದು ಕಣೇ" ಅಂದಿದ್ದ.

"ಗುರುವಾರ ಡಯಾಲಿಸಿಸ್ ಆಗ್ಲಿ. ಎರಡು ಗುಟುಕು ಕೊಡ್ತೀನಿ" ಅಂದಿದ್ದೆ.

ತಿಥಿಯಲ್ಲಿ ಅತ್ತೆ ಹನುಮಂತಮ್ಮ ಎಡೆಯ ಪಕ್ಕ ಐದು ಎಳನೀರು ಕೆತ್ತಿಸಿ ಇಟ್ಟರು. "ಕುಡಿಯಪ್ಪ, ಈಗ್ಯಾರೂ ಅಳೆಯಲ್ಲ" ಅಂದರು. ನನ್ನನ್ನು ಚುಚ್ಚಲು ಅಂದದ್ದಲ್ಲ, ಅವರು ಅಂಥವರಲ್ಲ. ಆದರೆ ಹಿಂದೆ ನಿಂತಿದ್ದ ಯಾರೋ ಹೆಂಗಸು, "ಪಾಪ, ಬಾಯಾರ್ಕೊಂಡೇ ಹೋಯ್ತು ಜೀವ" ಅಂದಳು. ಆ ಮಾತು ನನ್ನ ಜೊತೆಗೇ ಬಸ್ಸು ಹತ್ತಿ ಬಟವಾಡಿಗೆ ಬಂತು. ರಾತ್ರಿ ಮಲಗಿದರೂ ಹೋಗಲಿಲ್ಲ.

ಬಾಟಲಿಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಆಸ್ಪತ್ರೆಯ ಬ್ಯಾಗು ಖಾಲಿ ಮಾಡಲು ಕೂತೆ. ಫೈಲು, ಹೊದಿಕೆ, ಒಂದು ಟವೆಲ್. ತಳದಲ್ಲಿ ನಮ್ಮದಲ್ಲದ ಒಂದು ಉದ್ದ ನೋಟ್‌ಬುಕ್. ರಟ್ಟಿನ ಮೇಲೆ ದಪ್ಪ ಅಕ್ಷರ: "ಚಿಕ್ಕರಂಗಯ್ಯ, ಲಾರಿ ಡ್ರೈವರ್, ಗುಬ್ಬಿ. ಓದಿದ ಮೇಲೆ ವಾಪಸ್ ಕೊಡತಕ್ಕದ್ದು."

ರಂಗಣ್ಣ ಡಯಾಲಿಸಿಸ್ ವಾರ್ಡಿನಲ್ಲಿ ಮೋಹನ್‌ನ ಪಕ್ಕದ ಹಾಸಿಗೆಯವರು. ಮೂವತ್ತು ವರ್ಷ ಗುಬ್ಬಿಯಿಂದ ಮಂಗಳೂರು ಬಂದರಿಗೆ ತೆಂಗಿನಕಾಯಿ ಸಾಗಿಸಿ, ವಾಪಸ್ ಬರುವಾಗ ಹಂಚು ತುಂಬಿಕೊಂಡು ಬಂದವರು. ಮಿಷಿನ್ ತಿರುಗುವ ನಾಲ್ಕು ಗಂಟೆಯೂ ಇಬ್ಬರದೂ ಬರೀ ಊಟದ ಮಾತು. "ಇದು ವಾರ್ಡೋ ಹೋಟ್ಲೋ?" ಅಂತ ನರ್ಸ್ ರೇಗುತ್ತಿದ್ದಳು. ಅಷ್ಟು ಹಚ್ಚಿಕೊಂಡಿದ್ದವರು ಮಣ್ಣಿಗೂ ಬರಲಿಲ್ಲ, ತಿಥಿಗೂ ಬರಲಿಲ್ಲ. ಯಾಕೆಂದು ನನಗೆ ತಿಳಿದಿರಲಿಲ್ಲ.

ತೆರೆದೆ. ಮಂಗಳೂರಿನಲ್ಲಿ ಎಲ್ಲಿ ಏನು ತಿನ್ನಬೇಕು, ಎಲ್ಲಿ ಏನು ಕುಡಿಯಬೇಕು ಅನ್ನುವುದಷ್ಟೇ ಅದರಲ್ಲಿ ಇದ್ದದ್ದು.

"ಹಳೇ ಬಂದರಿನ ಗೇಟಿನ ಎದುರು, ಹಸಿರು ಬಾಗಿಲು. ಬೋರ್ಡ್ ಇಲ್ಲ. ಹನ್ನೆರಡಕ್ಕೆ ಮುಂಚೆ ಹೋಗಬೇಕು. ಕುಚ್ಚಲಕ್ಕಿ ಗಂಜಿ, ಬಂಗುಡೆ ಹುರಿದದ್ದು. ಎರಡನೇ ಸಲ ಗಂಜಿ ಕೇಳಲು ನಾಚಬಾರದು."

"ಹಂಚಿನ ಫ್ಯಾಕ್ಟರಿ ಹಿಂದೆ, ಬಾಯಮ್ಮನ ಮನೆ. ಕೋರಿ ರೊಟ್ಟಿ. ರೊಟ್ಟಿ ಹಪ್ಪಳದ ಥರ ಇರುತ್ತೆ, ಮೋಸ ಅಂದ್ಕೋಬೇಡ. ಸಾರು ಹುಯ್ಯೋ ತನಕ ತಡ್ಕೋ."

ಇದು ಇಂಕಿನಲ್ಲಿತ್ತು. ಅಂಚಿನಲ್ಲಿ ಪೆನ್ಸಿಲ್ ಗುರುತುಗಳು. ಅವು ಮೋಹನ್‌ನವು. ಕಾಯಿಲೆಗೆ ಮುಂಚೆ ಅವನು ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದ. ಮದುವೆಯಾದ ಹೊಸದರಲ್ಲಿ ನನ್ನ ಸಾರಿಗೂ ಓಕೆ, ರೀವರ್ಕ್, ರಿಜೆಕ್ಟ್ ಅನ್ನುತ್ತಿದ್ದ. ಇಲ್ಲೂ ಹಾಗೇ ಬರೆದಿದ್ದ.

"ಬಂಗುಡೆ: ಓಕೆ. ಕುಚ್ಚಲಕ್ಕಿ: ರಿಜೆಕ್ಟ್. ಮುದ್ದೆ ತಿಂದ ಬಾಯಿಗೆ ಆಗಲ್ಲ."

"ಕೋರಿ ರೊಟ್ಟಿ: ಓಕೆ. ರಂಗಣ್ಣ ಹೇಳಿದ್ದಕ್ಕಿಂತ ಖಾರ."

"ಗೋಳಿಬಜೆ: ತಣ್ಣಗಿತ್ತು. ರೀವರ್ಕ್."

ಕೇಳಿ ಬರೆದದ್ದಿರಬೇಕು ಅಂದುಕೊಂಡೆ. ಪಕ್ಕದ ಹಾಸಿಗೆಯಿಂದ ಕಥೆ ಕೇಳಿ, ತಿನ್ನದೆಯೇ ಕೊಟ್ಟ ಮಾರ್ಕು. ಪುಟದ ಕೆಳಗೆ ತಾರೀಖು ನೋಡಿದೆ. ಇಪ್ಪತ್ತೊಂದು ಫೆಬ್ರವರಿ, ಶನಿವಾರ.

ಆ ಶುಕ್ರವಾರ ಬೆಳಿಗ್ಗೆ ಅವನು ರಂಗಣ್ಣನ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದ. ಹರಕೆ ಇದೆ ಅಂದಿದ್ದ. ಭಾನುವಾರ ಪ್ರಸಾದ ತಂದ. ಬಾಯಿಯಲ್ಲಿ ಏಲಕ್ಕಿಯ ವಾಸನೆ. ದರ್ಶನ ಚೆನ್ನಾಗಾಯ್ತು ಅಂದ.

ಸೋಮವಾರ ವಾರ್ಡಿನಲ್ಲಿ ತೂಕ ನೋಡಿದರೆ ನಾಲ್ಕು ಕೆಜಿ ಮುನ್ನೂರು ಗ್ರಾಂ ಜಾಸ್ತಿ. ನರ್ಸ್ ನನ್ನನ್ನು ಒಳಗೆ ಕರೆದು, "ಮನೇಲಿ ಯಾರ್ರೀ ನೋಡ್ಕೊಳ್ಳೋರು?" ಅಂದಳು. ನಾನೇ ಅಂದೆ. ಮನೆಗೆ ಬಂದು ಜಗ್ಗಿನ ಅಳತೆ ಸರಿಯಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿದೆ. ಸರಿಯಿತ್ತು. ದಿನಕ್ಕೆ ಏಳುನೂರೈವತ್ತು ಇದ್ದದ್ದನ್ನು ಆರುನೂರಕ್ಕೆ ಇಳಿಸಿದೆ. ಅವನು ಏನೂ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ ಅನ್ನುವುದು ಈಗ ಗೊತ್ತಾಯಿತು.

ಆ ನಾಲ್ಕು ಕೆಜಿ ಮುನ್ನೂರು ಗ್ರಾಂ ಈ ಪುಟಗಳಲ್ಲಿತ್ತು.

ಕೊನೆಯ ಪುಟ. "ಸುಲ್ತಾನ್ ಬತ್ತೇರಿ ಹತ್ತಿರ, ಹೊಳೆ ದಡ. ದೋಣಿ ನೋಡ್ತಾ ಬೊಂಡ ಕುಡೀಬೇಕು. ಅಲ್ಲಿ ಎಳನೀರಿಗೆ ಬೊಂಡ ಅಂತಾರೆ. ನಮ್ಮ ಕಾಯಷ್ಟು ಸಿಹಿ ಇಲ್ಲ, ಆದ್ರೆ ಗಾಳಿ ಐತೆ."

ಪಕ್ಕದಲ್ಲಿ ಪೆನ್ಸಿಲ್: "ಎರಡು ಕುಡಿದೆ. ಪೂರ್ತಿ. ಒಳಗಿನ ಗಂಜಿ ಕೆರೆಸಿ ತಿಂದೆ. ಸಂಧ್ಯಾ ಇದ್ದಿದ್ರೆ ಎರಡು ಗುಟುಕು ಅಷ್ಟೆ. ಓಕೆ. ಓಕೆ. ಓಕೆ."

ನನಗೆ ನಗು ಬಂತು. ಖಾಲಿ ಮನೆಯಲ್ಲಿ ಅದು ತುಂಬಾ ಜೋರಾಗಿ ಕೇಳಿಸಿತು. ಎಳನೀರು ಗಾಡಿಯವನು ತಲೆಯೆತ್ತಿ ಕಿಟಕಿಯ ಕಡೆ ನೋಡಿದ.

ಹತ್ತು ಗಂಟೆಯ ಬಸ್ಸಿಗೆ ಗುಬ್ಬಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಲಾರಿ ರಂಗಯ್ಯ ಅಂದರೆ ಯಾರಾದರೂ ತೋರಿಸುತ್ತಾರೆ ಅಂತ ಮೋಹನ್ ಹೇಳಿದ್ದ. ತೋರಿಸಿದರು. ಬಾಗಿಲು ತೆಗೆದದ್ದು ಅವರ ಹೆಂಡತಿ ತಿಪ್ಪಮ್ಮ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಎಷ್ಟೋ ಸಲ ಜೊತೆಗೆ ಕೂತವರು.

"ಅಯ್ಯೋ, ಬಾವ್ವಾ ಬಾ" ಅಂದು ಒಳಗೆ ತಿರುಗಿ, "ಏ, ಯಾರ್ ಬಂದವ್ರೆ ನೋಡು" ಅಂದರು.

ರಂಗಣ್ಣ ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ನೋಟ್‌ಬುಕ್ ನೋಡಿದರು. ಎದ್ದು ನಿಲ್ಲಲು ಹೋಗಿ ಮತ್ತೆ ಕೂತರು.

"ಓದಿದ್ಯಾ?"

"ಓದಿದೆ."

"ಬೈಯವ್ವ. ಬೈದ್ಬುಡು. ಮಣ್ಣಿಗೆ ಬರಕ್ಕೆ ಮುಖ ಇರ್ಲಿಲ್ಲ ನಂಗೆ. ಧರ್ಮಸ್ಥಳಕ್ಕೆ ಹೋಗಿದ್ದು ನಿಜ. ಅಲ್ಲಿಂದಾಚೆಗೆ ಬಸ್ ಹತ್ಸಿದ್ದು ನಾನು. ಎರಡನೇ ಬೊಂಡ ಬ್ಯಾಡ ಕಣ್ಲಾ ಅಂದೆ, ಕೇಳ್ಲಿಲ್ಲ. ನಾನೇ ಕೊಂದೆ ಕಣವ್ವ ನಿನ್ ಗಂಡನ್ನ."

"ಹನ್ನೊಂದು ದಿನದಿಂದ ಇದೇ ರಾಗ" ಅಂದರು ತಿಪ್ಪಮ್ಮ. "ಸರಿಯಾಗಿ ಒಂದು ಮುದ್ದೆ ನುಂಗಿಲ್ಲ."

ನಾನು ಕೂತೆ. ಬಸ್ಸಿನಲ್ಲಿ ಫೈಲು ನೋಡಿ ಎಣಿಸಿಕೊಂಡು ಬಂದಿದ್ದೆ.

"ರಂಗಣ್ಣ, ಆ ಎಳನೀರು ಸೋಮವಾರವೇ ಮಿಷಿನ್‌ನಲ್ಲಿ ಹೋಯ್ತು. ಅದಾದ ಮೇಲೆ ಅವನಿಗೆ ಮೂವತ್ತು ಸಲ ಡಯಾಲಿಸಿಸ್ ಆಗಿದೆ. ಫೆಬ್ರವರಿಯಲ್ಲಿ ಕುಡಿದದ್ದಕ್ಕೆ ಜೂನ್‌ನಲ್ಲಿ ಯಾರೂ ಹೋಗಲ್ಲ."

"ನೀನೇನ್ ಡಾಕ್ಟ್ರಾ?"

"ಎಂ.ಎಸ್ಸಿ. ಓದವ್ರೆ, ಸುಮ್ಕಿರು. ನಿನಗಿಂತ ಗೊತ್ತಿರ್ತದೆ" ಅಂದರು ತಿಪ್ಪಮ್ಮ.

ರಂಗಣ್ಣ ತಲೆಯೆತ್ತಿದರು. "ಮೂವತ್ತಾ?" ಅಂದರು.

"ಮೂವತ್ತು. ಫೈಲಲ್ಲಿದೆ, ಬೇಕಾದ್ರೆ ನೋಡಿ."

ಬೇಡ ಅನ್ನುವಂತೆ ಕೈಯಾಡಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ನಾನು ಕೇಳಬೇಕೆಂದು ಬಂದದ್ದು ಒಂದೇ. "ಅವನು ಖುಷಿಯಾಗಿದ್ನಾ?"

"ಖುಷಿಯಾ? ಬಸ್ಸಲ್ಲಿ ಹಾಸನ ಬರೋಗಂಟ ಹಲ್ಲಿಂದ ಮೀನಿನ ಮುಳ್ಳು ತೆಗೀತಾ ಕೂತಿದ್ದ ನನ್ಮಗ. ಆಮೇಲೆ ಭಯ ಹತ್ತಿಬುಡ್ತು. ಸಂಧ್ಯಾ ಮೂಸಿ ಕಂಡ್ಹಿಡಿದುಬುಡ್ತಾಳೆ ರಂಗಣ್ಣ, ಗಾಡಿ ನಿಲ್ಸು ಅಂದ. ಗಾಡಿ ನಂದಾ? ಸರ್ಕಾರಿ ಬಸ್ಸು. ಹಾಸನದ ಸ್ಟ್ಯಾಂಡಲ್ಲಿ ಇಳಿದು ಏಲಕ್ಕಿ ತಗೊಂಡ. ಹತ್ತು ಏಲಕ್ಕಿ ಅಗಿದವ್ನೆ, ಕುದುರೆ ಹುಲ್ಲು ಅಗಿದಂಗೆ."

ತಿಪ್ಪಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಆ ಏಲಕ್ಕಿಯ ವಾಸನೆ ನನಗೆ ಇನ್ನೂ ನೆನಪಿತ್ತು.

ತಿಪ್ಪಮ್ಮ ಹಿತ್ತಲಿಗೆ ಹೋಗಿ ಒಂದು ಎಳನೀರು ಕೆತ್ತಿ ತಂದು ಕೈಗಿಟ್ಟರು. ನಾನು ಎದ್ದು ಗೋಡೆಯ ಕಡೆ ತಿರುಗಿದೆ.

"ಯಾಕವ್ವ ಆ ಕಡೆ?" ಅಂದರು ರಂಗಣ್ಣ.

ಅವರಿಗೂ ಅಳತೆಯ ನೀರೇ.

"ಈ ಕಡೆ ತಿರುಗಿ ಕುಡಿ. ನೋಡಾದ್ರೂ ನೋಡ್ತೀನಿ."

ತಿರುಗಿ ಕುಡಿದೆ. ಎರಡೂವರೆ ವರ್ಷದ ಮೇಲೆ ಒಬ್ಬರ ಎದುರು, ನಿಲ್ಲಿಸದೆ, ತಳದವರೆಗೆ. ಗಲ್ಲದಿಂದ ಸುರಿದು ಸೀರೆಯ ಮೇಲೂ ಬಿತ್ತು. ರಂಗಣ್ಣ ಕಣ್ಣು ಕದಲಿಸದೆ ನೋಡಿದರು. ಬುರುಡೆ ಕೆಳಗಿಟ್ಟಾಗ ತೃಪ್ತಿಯಾದವರ ಹಾಗೆ ಉಸಿರು ಬಿಟ್ಟರು.

ನೋಟ್‌ಬುಕ್ ಮುಂದೆ ಚಾಚಿದೆ. ಅವರು ಕೈ ಹಿಂದಕ್ಕೆಳೆದುಕೊಂಡರು.

"ನೀನೇ ಮಡಿಕ್ಕಳವ್ವ. ಅವನ ಅಕ್ಷರ ಐತೆ ಅದ್ರಲ್ಲಿ."

"ಓದಿದ ಮೇಲೆ ವಾಪಸ್ ಕೊಡತಕ್ಕದ್ದು ಅಂತ ನೀವೇ ಬರ್ದಿದೀರಲ್ಲ" ಅಂದೆ. "ಓದಿ ಆಯ್ತು."

ಎರಡೂ ಕೈಯಲ್ಲಿ ತೆಗೆದುಕೊಂಡರು. ಮೊದಲ ಪುಟ ಬಿಚ್ಚಿ ದೂರ ಹಿಡಿದು, "ತಿಪ್ಪೀ, ಕನ್ನಡಕ ತಾರೇ. ಕುಚ್ಚಲಕ್ಕಿ ರಿಜೆಕ್ಟ್ ಅಂತೆ, ನೋಡು ಇವ್ನ ಕೊಬ್ಬ" ಅಂದರು.