ಮಗ್ಗದ ಮಗ್ಗುಲ ಶಾಲೆ

“ಬಾಯಿ ಮುಚ್ಚಕೊಂಡ ಕಂಡಿಕಿ ಸುತ್ತ, ಬೋಸುಡಿ! ಮಗ್ಗ ಬಂದ್ ಮಾಡಬೇಕಂತ, ಮಗ್ಗ!”

ಮಾಲಕ ದಾದಾಸಾಹೇಬ ಶೇಠರು ಬೈದದ್ದು ನೂಲಿನ ಕಂಡಿಕಿ ಸುತ್ತುವ ಅನ್ನವ್ವಳಿಗೆ, ಕೇಳಿಸಿದ್ದು ಶೆಡ್ಡಿಗೆಲ್ಲ. ಮಹಾರಾಷ್ಟ್ರದ ಇಚಲಕರಂಜಿಯ ಕರೆಂಟ್ ಮಗ್ಗದವರು ನಾವು, ಅದರ ಸಪ್ಪಳಕ್ಕೆ ಹೆಂಡತಿಯ ಕಿವಿಯಲ್ಲಿ ಹೇಳುವ ಮಾತನ್ನೂ ಕೂಗಿಯೇ ಹೇಳುವವರು.

ಅನ್ನವ್ವ ಕೇಳಿದ್ದೇನು ದೊಡ್ಡದಲ್ಲ. ಶೆಡ್ಡಿನ ಗೋಡೆಗೆ ಆತುಕೊಂಡೇ ನಮ್ಮ ಹುಡುಗರ ಕನ್ನಡ ಶಾಲೆ. ಎಲ್ಲ ಇಯತ್ತೆಗೂ ಒಬ್ಬರೇ ಮಾಸ್ತರು. ಇವತ್ತು ಶಿಕ್ಷಣ ಖಾತೆಯ ದೊಡ್ಡ ಸಾಹೇಬರು ಬಂದು ಹುಡುಗರನ್ನು ಓದಿಸಿ ಕೇಳುತ್ತಿದ್ದರು. ಮನಸ್ಸಿಗೆ ಬಾರದಿದ್ದರೆ ಶಾಲೆಗೆ ಬೀಗ. ಆಮೇಲೆ ಅನ್ನವ್ವನ ಮಗಳು ಸ್ನೇಹಲಳೂ ಇಲ್ಲೇ, ಕಂಡಿಕಿ ಸುತ್ತಲಿಕ್ಕೆ. ಅನ್ನವ್ವ ಕಿಟಕಿಯಲ್ಲಿ ಇಣುಕಿ ಬಂದಿದ್ದಳು. ಸಾಹೇಬರು ಕಿವಿಗೆ ಅಂಗೈ ಹಿಡಿದು “ಆಂ? ಕಾಯ್?” ಅನ್ನುತ್ತ ತಲೆ ಅಲ್ಲಾಡಿಸುತ್ತಿದ್ದರಂತೆ.

“ಮಗ್ಗದ ಸಪ್ಪಳಕ್ಕ ಸಾಹೇಬರಿಗಿ ಏನೂ ಕೇಳವಲ್ದರಿ ಶೇಠ. ಹುಡುಗೂರು ಓದೂಮಟ ನಿಂದ್ರಸ್ರಿ.”

“ಸರಕಾರ ನನಗ ಸಬ್ಸಿಡಿ ಕರೆಂಟ್ ಕೊಡೂದು ಮಗ್ಗ ನಿಂದ್ರಸಾಕೇನ? ನನಗ ಸಬ್ಸಿಡಿ ಸಿಕ್ರ ನಿಮಗ ಕೆಲಸ. ಕೆಲಸ ಇದ್ರ ಬಡತನ ಹೋಗ್ತೈತಿ. ಸಮಜಲಂ ಕಾ?”

“ನಮ್ಮವ್ವನೂ ನಿಮ್ಮಪ್ಪಾರ ಹಂತ್ಯಾಕ ಇದನ್ನ ಸುತ್ತಿದ್ಳರಿ. ಬಡತನ ಎಲ್ಲಿ ಹೋಗೇತಿ? ಇಲ್ಲೇ ನನ್ನ ಮಗ್ಗಲಾಗ ಕುಂತೈತಿ ನೋಡ್ರಿ, ಚಾ ಕೇಳಾಕತ್ತೈತಿ.”

ನಾವೆಲ್ಲ ನಕ್ಕೆವು. ಶೇಠರಿಗೆ ಅದೇ ಉರಿ.

“ಪುಕಟ್ ರೇಶನ್ ಅಕ್ಕಿ ತಿಂದು ಸೊಕ್ಕ ಬಂದೈತಿ ನಿಮಗ!”

“ಅಕ್ಕಿ ನನಗ ಬರತೈತಿ, ಕರೆಂಟ್ ನಿಮಗ ಬರತೈತಿ. ಇನ್ನೊಬ್ಬ ಮಾಸ್ತರಗ ಅಷ್ಟ ಸರಕಾರದಾಗ ರೊಕ್ಕ ಇಲ್ಲಂತ. ನಿಮ್ಮ ಮಗಾ ಪುಣೇದಾಗ ಓದ್ಲಿ, ನನ್ನ ಮಗಳು ಕಂಡಿಕಿ ಸುತ್ಲಿ. ಹೌದಲ್ರೀ?”

“ನಾಳಿಂದ ಕೆಲಸಕ್ಕ ಬರಬ್ಯಾಡ ಹೋಗ, ರಂಡೆ!”

“ನಾಳಿಂದ ಹೌದಲ್ರಿ? ಹಂಗಾರ ಇವತ್ತ ನಾ ಇನ್ನೂ ಕೆಲಸದಾಗ ಅದೇನಿ.”

ಎದ್ದಳು. ಸೆರಗಿನ ಮೇಲಿನ ಹತ್ತಿಯ ಧೂಳು ಕೊಡವಿಕೊಂಡಳು. ಸಂತೆಗೆ ಹೊರಟವಳ ಹಾಗೆ ನಡೆದು ಹೋಗಿ ಮೇನ್ ಸ್ವಿಚ್ ಎಳೆದೇಬಿಟ್ಟಳು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

ಶೇಠರು ಅತ್ತ ನುಗ್ಗಿದರು. ಮಗ್ಗ ನಡೆಸುವ ಕಾಡಸಿದ್ದ ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ, ಅಂಗೈಯಲ್ಲಿ ತಂಬಾಕು ತಿಕ್ಕತೊಡಗಿದ. ಅವನ ಪಕ್ಕಕ್ಕೆ ನಾವೂ ಹೋಗಿ ನಿಂತೆವು.

“ಸರೀರಲೇ!” ಅಂದರು ಶೇಠರು. ಆ ನಿಶ್ಶಬ್ದದಲ್ಲಿ ತಮ್ಮ ದನಿಗೆ ತಾವೇ ಬೆಚ್ಚಿದರು.

“ಮೆಲ್ಲಕ ಮಾತಾಡ್ರಿ ಶೇಠ,” ಕಾಡಸಿದ್ದ ಪಿಸುಗುಟ್ಟಿದ, “ಸಾಲಿ ನಡದೈತಿ.”

ಗೋಡೆಯಾಚೆ ಸ್ನೇಹಲ ಓದುತ್ತಿದ್ದಳು. ಮಗ್ಗ ನಿಂತರೂ ಅವಳ ದನಿ ಇಳಿಯಲಿಲ್ಲ. ರೂಢಿಯಂತೆ, ಗಂಟಲು ಹರಿಯುವ ಹಾಗೆ ಕೂಗಿ ಓದುತ್ತಲೇ ಇದ್ದಳು.