ಎರಡು ಮನೆಯ ನಶ್ಯ

ನಶ್ಯದ ಎರಡು ಕಾರ್ಖಾನೆಗಳಲ್ಲಿ ಒಂದನ್ನು ಮುಚ್ಚುತ್ತೇವೆ ಎಂಬ ಮಾತನ್ನು ಕಂಪನಿಯ ರಮ್ಯಾ ಕಾಫಿ ಕುಡಿಯುತ್ತಲೇ ಹೇಳಿಬಿಟ್ಟಳು. ದ್ರಾಕ್ಷಾಯಣಮ್ಮನ ಕೈಯಲ್ಲಿದ್ದ ಲೋಟ ಬಾಯಿಯವರೆಗೂ ಹೋಗಲಿಲ್ಲ. ಹಿಂದೂಪುರದ ಕಾರ್ಖಾನೆಯನ್ನು ಅವಳೂ, ಕಲ್ಯಾಣದುರ್ಗದ್ದನ್ನು ಅವಳ ಮೈದುನ ಈರಲಿಂಗಪ್ಪನೂ ಒಂದೇ ತಿಂಗಳಲ್ಲಿ ಈ ಕಂಪನಿಗೆ ಮಾರಿದ್ದರು. ಆಗ ಮುಚ್ಚುವ ಮಾತೇ ಇರಲಿಲ್ಲ. ಹೆಸರು ನಮ್ಮದು, ಕೆಲಸ ನಿಮ್ಮದೇ ಎಂದು ಬೆಣ್ಣೆ ಹಚ್ಚಿದ್ದವರು ಇದೇ ಜನ.

"ನನ್ ತಾವ ಹನ್ನೊಂದು ಜನ ಹೆಂಗಸ್ರು ಅವ್ರೆ ಕಣಮ್ಮ. ನರಸಕ್ಕ ಇಪ್ಪತ್ತೆರಡು ವರ್ಷದಿಂದ ಹೊಗೆಸೊಪ್ಪು ಕುಟ್ತಾವ್ಳೆ. ಅವ್ರಿಗೆಲ್ಲ ಏನಂತ ಹೇಳ್ಲಿ?"

"ಎರಡು ಡಬ್ಬೀಲೂ ಇರೋದು ಒಂದೇ ನಶ್ಯ ಅಲ್ವಾ ಆಂಟಿ? ಎರಡು ಕಡೆ ಯಾಕೆ ಮಾಡ್ಬೇಕು?"

ಒಂದೇ! ದ್ರಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮುಚ್ಚುತ್ತೇವೆ ಎಂದದ್ದಕ್ಕಿಂತ ಈ ಮಾತೇ ಅವಳಿಗೆ ಹೆಚ್ಚು ಚುಚ್ಚಿತು.

ಅವಳ ಮಾವ ಬೈಲಪ್ಪನ ಕಾಲದಿಂದ ಆ ಮನೆಯಲ್ಲೊಂದು ಪದ್ಧತಿಯಿತ್ತು. ಹೊಗೆಸೊಪ್ಪಿನ ಪುಡಿಗೆ ತುಪ್ಪ ಹಾಕಿ ಹೊಸ ನಶ್ಯ ಕಲಸುವಾಗ, ಹಾಲಿಗೆ ಹೆಪ್ಪು ಹಾಕುವಂತೆ, ಭರಣಿಯಲ್ಲಿರುವ ಹಳೆಯ ನಶ್ಯ ಒಂದು ಹಿಡಿ ಬೆರೆಸಬೇಕು. ಭರಣಿ ಎಂದೂ ಬರಿದಾಗಕೂಡದು. ಬೈಲಪ್ಪ ತೀರಿಕೊಂಡು ಅಣ್ಣತಮ್ಮಂದಿರು ಬೇರೆಯಾದಾಗ ಆ ಭರಣಿಯ ನಶ್ಯವೂ ಎರಡು ಪಾಲಾಯಿತು. ಜೊತೆಗೊಂದು ಆಣೆಯೂ ಆಯಿತು: ಆ ಮನೆಯ ನಶ್ಯ ಈ ಮನೆಯವರ ಮೂಗಿಗೆ ಏರಕೂಡದು. ಹೊಲ ಗದ್ದೆಗೆ ಜಗಳವಾಡಿದವರು ಉಂಟು, ಮೂಗಿಗೂ ಬೇಲಿ ಹಾಕಿಕೊಂಡವರು ಇವರೇ ಇರಬೇಕು. ಗಂಡ ಹೋದ ಮೇಲೂ ದ್ರಾಕ್ಷಾಯಣಮ್ಮ ಆಣೆ ಮುರಿಯಲಿಲ್ಲ. ಮೂವತ್ತೊಂದು ವರ್ಷ ಮೈದುನನ ನಶ್ಯವನ್ನು ಮೂಸಿಯೂ ನೋಡದೆ ಒಲೆಬೂದಿ ಎಂದು ಹೀಗಳೆಯುತ್ತ ಬಂದಳು.

"ಆಣೆ ಹೋದ್ರೆ ಹೋಗ್ಲಿ, ಎರಡನ್ನೂ ನನ್ ಮುಂದೆ ಇಡು. ನಮ್ದು ಯಾವ್ದು ಅಂತ ಮೂಸಿ ಹೇಳ್ತೀನಿ. ನಮ್ ಮಾವನ ಕೈ ನಶ್ಯ ಯಾವ್ದೋ ಆ ಕಾರ್ಖಾನೆ ಉಳೀಲಿ. ಏನಂತೀಯ?"

"ಸರೇ ಆಂಟಿ, ಚೂದ್ದಾಂ, ನೋಡೇಬಿಡೋಣ," ಎಂದಳು ರಮ್ಯಾ. "ಹಳೇ ಗಿರಾಕಿ ಒಪ್ಪೋ ನಶ್ಯಾನೇ ನಮಗೂ ಬೇಕು."

ಬುಧವಾರ ದ್ರಾಕ್ಷಾಯಣಮ್ಮ ನರಸಕ್ಕನನ್ನು ಕರೆದುಕೊಂಡು ಮೊದಲ ಬಸ್ಸಿಗೇ ಕಲ್ಯಾಣದುರ್ಗಕ್ಕೆ ಹೋದಳು. ಈರಲಿಂಗಪ್ಪನ ಮನೆಯ ಮಹಡಿಯ ಮೇಲೆ, ಕಿಟಕಿಗಳೆಲ್ಲ ತೆರೆದಿದ್ದ ಕೋಣೆಯಲ್ಲಿ, ಒಂದೇ ಥರದ ಎರಡು ಸ್ಟೀಲ್ ಡಬ್ಬಿಗಳಿದ್ದವು. ಊರಿನ ಹೆಸರು ಬರೆದ ಚೀಟಿಯನ್ನು ರಮ್ಯಾ ತಳಕ್ಕೆ ಅಂಟಿಸಿದ್ದಳು. ಈರಲಿಂಗಪ್ಪ "ಬನ್ನಿ ಅತ್ತಿಗೆ" ಎಂದವನು ಮುಖ ನೋಡದೆ ಮೂಲೆ ಹಿಡಿದ.

ಮೊದಲ ಡಬ್ಬಿಯಿಂದ ಚಿಟಿಕೆ ಏರಿಸಿದ ದ್ರಾಕ್ಷಾಯಣಮ್ಮ ಮುಖ ಕಿವುಚಿದಳು. "ಸಪ್ಪೆ. ತುಪ್ಪ ಕಮಟು. ಕೆಲ್ಸ ಬರ್ದೋರು ಕಲ್ಸಿರೋದು ಇದು," ಎಂದು ಡಬ್ಬಿಯನ್ನು ಆಚೆ ತಳ್ಳಿದಳು.

ಎರಡನೆಯದು ನೆತ್ತಿಗೇ ಏರಿತು. ಕಣ್ಣಲ್ಲಿ ನೀರು ಬಂತು, ಮೇಲಿಂದ ಮೇಲೆ ಸೀನು ಬಂತು. ಮದುವೆಯಾದ ಹೊಸದರಲ್ಲಿ ಕದ್ದು ಮಾವನ ಭರಣಿಗೆ ಕೈಹಾಕಿದ ದಿನವೂ ಹೀಗೇ ಆಗಿತ್ತು. "ಇದೇ! ಇದೇ ನಮ್ದು! ನಮ್ ಮಾವಂದು!" ಎಂದು ಮಗುವಿನಂತೆ ಕೂಗಿದಳು. ನರಸಕ್ಕ ಚಪ್ಪಾಳೆ ತಟ್ಟಿದಳು.

ರಮ್ಯಾ ಡಬ್ಬಿ ತಿರುಗಿಸಿದಳು. ಚೀಟಿಯಲ್ಲಿ ಕಲ್ಯಾಣದುರ್ಗ ಎಂದಿತ್ತು.

ದ್ರಾಕ್ಷಾಯಣಮ್ಮ ಡಬ್ಬಿಯನ್ನು ಕಿತ್ತುಕೊಂಡಳು. ಇನ್ನೊಮ್ಮೆ ಓದಿದಳು, ಅಕ್ಷರ ಬದಲಾಗಲಿಲ್ಲ. ತನ್ನ ನಶ್ಯವನ್ನು ಅವಳು ಮೂಸಿದ್ದೆಲ್ಲ ತನ್ನ ಕಾರ್ಖಾನೆಯ ಒಳಗೇ. ಅಲ್ಲಿ ಗೋಡೆ, ಸೀರೆ, ಉಸಿರು ಎಲ್ಲವೂ ನಶ್ಯವೇ. ತನ್ನ ಪಾಲಿನ ಭರಣಿಯಲ್ಲಿದ್ದದ್ದು ಹಿಡಿಹಿಡಿಯಾಗಿ ಕೆಟ್ಟದ್ದು ಆ ಘಾಟಿನಲ್ಲಿ ಹೇಗೆ ಗೊತ್ತಾಗಬೇಕು?

"ಚೀಟಿ ಅದಲು ಬದಲಾಗೈತೆ ಮೇಡಂ," ಎಂದು ಈರಲಿಂಗಪ್ಪ ತಟ್ಟನೆ ಎದ್ದು ಬಂದ. "ಅತ್ತಿಗೆ ಹೇಳಿದ್ದೇ ಸರಿ. ಅದು ಹಿಂದೂಪುರದ್ದೇ."

ತನ್ನ ಮಾನ ಉಳಿಸಲು ಅವನು ಸುಳ್ಳಾಡುತ್ತಿದ್ದಾನೆ; ಹಾಗೆಂದರೆ ಅವನ ಕಾರ್ಖಾನೆಗೇ ಬೀಗ. ದ್ರಾಕ್ಷಾಯಣಮ್ಮ ಬಿಟ್ಟ ಕಣ್ಣು ಬಿಟ್ಟಂತೆ ಮೈದುನನನ್ನು ನೋಡಿದಳು. ರಮ್ಯಾ ಅನುಮಾನದಿಂದ ಚೀಟಿಯನ್ನೂ ಅವನನ್ನೂ ನೋಡಿದಳು. ಹೂಂ ಎಂದರೆ ಸಾಕು, ಹನ್ನೊಂದು ಜನರ ಕೆಲಸ ಉಳಿಯುತ್ತದೆ. ಹೂಂ ಎನ್ನಬೇಕೆಂದು ದ್ರಾಕ್ಷಾಯಣಮ್ಮ ಉಸಿರೆಳೆದುಕೊಂಡಳು.

ಅಷ್ಟರಲ್ಲಿ ನರಸಕ್ಕ, ದ್ರಾಕ್ಷಾಯಣಮ್ಮ ಆಚೆ ತಳ್ಳಿದ್ದ ಡಬ್ಬಿಗೆ ಬೆರಳು ಹಾಕಿ, ಪುಡಿಯನ್ನು ಉಜ್ಜಿ ನೋಡಿದಳು. ಮೂಸಿದಳು. ಅವಳ ಮುಖ ಸಪ್ಪಗಾಯಿತು.

"ಇದು ನಾನು ಕುಟ್ಟಿದ್ದೇ ಕಣಕ್ಕ," ಎಂದಳು. "ಇದುಕ್ಕಾ ಕೆಲ್ಸ ಬರ್ದೋರು ಅಂದಿದ್ದು?"

ಇನ್ನು ಕೇಳಬೇಕಾದ್ದೇನೂ ಇಲ್ಲವೆಂಬಂತೆ ರಮ್ಯಾ ಡಬ್ಬಿಗಳ ಮುಚ್ಚಳ ಹಾಕತೊಡಗಿದಳು. ದ್ರಾಕ್ಷಾಯಣಮ್ಮ ನರಸಕ್ಕನಿಗೆ ಏನೋ ಹೇಳಲು ಬಾಯಿ ತೆರೆದಳು. ಬಂದದ್ದು ಕಲ್ಯಾಣದುರ್ಗದ ನಶ್ಯದ ಇನ್ನೊಂದು ಸೀನು.