ಮೂರು ಕೂಗು

ಟಿಕೋಟಾ ಹತ್ತಿರದ ಒಣದ್ರಾಕ್ಷಿ ಶೆಡ್ಡಿನಲ್ಲಿ, ಕೂಲಿ ಹೆಂಗಸು ಹುಲಿಗೆವ್ವ ಒಳಗಿರುವಾಗಲೇ, ದ್ರಾಕ್ಷಿಗೆ ಗಂಧಕದ ಹೊಗೆ ಕೊಡುವ ಕೋಣೆಗೆ ಹೊರಗಿನಿಂದ ಅಗುಳಿ ಹಾಕಿ ಹೊಗೆ ಬಿಟ್ಟರು.

ಮರುದಿನ ಬೆಳಿಗ್ಗೆ ಕಳ್ಳಕವಟಗಿಯ ಅವಳ ಓಣಿಯಲ್ಲಿ ಹೆಣಕ್ಕೆ ಬಿಳಿ ಸೀರೆ ಹೊದಿಸಿದ್ದರು. ಬುದ್ಧನ ಪಟದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಬುದ್ಧ, ಧಮ್ಮ, ಸಂಘಕ್ಕೆ ಶರಣೆನ್ನುವ ತ್ರಿಸರಣ ಹೇಳಿಸಲು ವಿಜಯಪುರದ ಇಬ್ರಾಹಿಂಪುರದಿಂದ ಪೂನಮಳನ್ನು ಕರೆಸಿದ್ದರು. ಅವಳು ಹೇಳಿಸದೆ ಈ ಓಣಿಯಲ್ಲಿ ಹೆಣ ಏಳುವುದಿಲ್ಲ.

ಶೆಡ್ಡಿನ ಮಾಲೀಕ ಶಿವಶರಣಪ್ಪ ಜೀಪಿಗೆ ಒರಗಿ ನಿಂತಿದ್ದ. ಅವನ ನಾಲ್ಕು ಆಳುಗಳು ಓಣಿಯ ಬಾಯಿಗೆ ಅಡ್ಡ ನಿಂತಿದ್ದರು. ಹೆಣದ ಕೂದಲಲ್ಲಿ ಇನ್ನೂ ಗಂಧಕದ ಘಾಟು.

"ಲಗೂನ ಶುರು ಮಾಡವಾ. ಎದಿ ಒಡದು ಸತ್ತಾಳ. ಬಬಲೇಶ್ವರದಿಂದ ತವರಿನವ್ರು ಬರೂದ್ರಾಗ ಮಣ್ಣ ಮುಗೀಬೇಕು. ಪೊಲೀಸ್ರು, ಹೆಣ ಕೊಯ್ಯೂದು, ಅವೆಲ್ಲ ಯಾಕ ಬೇಕು?" ಎಂದು ಅವನು ಪೂನಮಳಿಗೆ ಹೇಳಿದ.

ಪೂನಮ ಮಂಡಿಯೂರಿ ಹುಲಿಗೆವ್ವನ ಕೈ ಹಿಡಿದಳು. ಹತ್ತೂ ಉಗುರುಗಳ ಸಂದಿಯಲ್ಲಿ ಹಸಿರು ಬಣ್ಣದ ಚಕ್ಕೆ. ಗಂಧಕದ ಕೋಣೆಯ ಆ ಹಸಿರು ಬಾಗಿಲನ್ನು ಅವಳು ಬಲ್ಲಳು.

ಹದಿನೆಂಟರ ವಯಸ್ಸಿನಲ್ಲಿ ಅದೇ ಶೆಡ್ಡಿನಲ್ಲಿ ಅವಳ ಕೆಲಸ ಕೂಗುವುದಾಗಿತ್ತು. ಅಗುಳಿ ಬೀಳುವ ಮುನ್ನ ತಗಡು ಬಡಿದು "ಒಳಗ ಯಾರದೀರಿ?" ಎಂದು ಮೂರು ಸಲ ಕೂಗಬೇಕು. ಪ್ರತಿ ಸಲ ಉಸಿರು ಬಿಗಿಹಿಡಿದು ಕತ್ತಲೆಗೆ ಕಿವಿಗೊಡಬೇಕು. "ಬಂದ್ಲು ನೋಡ್ರೆ ಕೂಗುಮಾರಿ" ಎಂದು ಹುಲಿಗೆವ್ವ ನಗಿಸುತ್ತಿದ್ದಳು. ಒಮ್ಮೆ ಮೂರನೆಯ ಕೂಗಿಗೆ ಒಳಗಿನಿಂದ ಕೆಮ್ಮು ಕೇಳಿತ್ತು; ಅಗುಳಿ ಬೀಳದೆ ಒಂದು ಜೀವ ಉಳಿದಿತ್ತು. ಮುಂದೆ ಬುದ್ಧವಿಹಾರದಲ್ಲಿ ಸರಣವನ್ನೂ ಮೂರು ಸಲ ಹೇಳುವುದನ್ನು ಮೊದಲು ಕೇಳಿದ ದಿನ ಪೂನಮಳ ಮೈ ಜುಮ್ಮೆಂದಿತ್ತು. ಇಲ್ಲಿಯೂ ಯಾರೋ ಬಾಗಿಲ ಬಳಿ ನಿಂತು ಕೂಗುತ್ತಿದ್ದಾರೆ ಅನ್ನಿಸಿ ಅಲ್ಲೇ ಉಳಿದುಬಿಟ್ಟಿದ್ದಳು.

"ಸಾವ್ಕಾರ್ರ, ನಿನ್ನಿ ಮೂರು ಸಲ ಕೂಗಿದ್ರೇನ್ರಿ?"

ಶಿವಶರಣಪ್ಪ ನಕ್ಕ. "ಇನ್ನೂ ಅದ ಗುಂಗಿನಾಗ ಅದೀಯಲ್ಲ ಬೇ! ಈಗ ಸೈರನ್ ಐತಿ."

"ಊದಿತ್ತೇನ್ರಿ?"

"ಕರೆಂಟ್ ಇರ್ಲಿಲ್ಲ."

ಅಂದವನೇ ನಾಲಿಗೆ ಕಚ್ಚಿಕೊಂಡ. ಗೋಡೆಗೆ ಒರಗಿ ಕೂತಿದ್ದ ಹುಲಿಗೆವ್ವನ ಗಂಡ ರಾಯಪ್ಪ ಮೆಲ್ಲಗೆ ತಲೆ ಎತ್ತಿದ.

ಓಣಿಯ ಬಾಯಲ್ಲಿದ್ದ ಆಳುಗಳು ಎರಡು ಹೆಜ್ಜೆ ಒಳಗೆ ಬಂದರು. ಶಿವಶರಣಪ್ಪನ ದನಿ ಇಳಿಯಿತು. "ಪೂನಮ, ನಾಳಿಯಿಂದ ಈ ಓಣಿಯ ಒಬ್ಬ ಹೆಂಗಸಿಗೂ ಕೆಲಸ ಇರೂದಿಲ್ಲ. ಹೇಳ್ಸು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೂನಮ ಸತ್ತವಳ ಕೈ ಬಿಡಲಿಲ್ಲ.

"ಹೇಳ್ಸೂದಿಲ್ರಿ. ಡಾಕ್ಟರು ಬಂದು ಈ ಉಗರ ನೋಡೂತನಕ ನಾ ಬಾಯಿ ತೆಗಿಯೂದಿಲ್ಲ."